ಗಾಳಿ ಬಾರದ ಕುರ್ಚಿ

ಹೋದ ವಾರ ನಾಸಿಕದ ಹತ್ತಿರದ ನಿಫಾಡದಿಂದ ದ್ರಾಕ್ಷಿಯ ಪೆಟ್ಟಿಗೆ ಬಂತು. ಓಂಕಾರ ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಚಾಕುವಿನಿಂದ ಟೇಪು ಸೀಳಿದ. ಮುಚ್ಚಳ ತೆಗೆದೊಡನೆ, ಈಗಷ್ಟೇ ಗೀರಿದ ಬೆಂಕಿಕಡ್ಡಿಯ ವಾಸನೆ ಮೂಗಿಗೆ ಬಡಿಯಿತು.

"ಆಜಿ, ಖರಾಬ್ ಆಗ್ಯಾವ ಏನು ಇವು?" ಎಂದು ಮುಖ ಕಿವುಚಿದ.

ಖರಾಬ್ ಅಲ್ಲ. ದೂರ ಹೋಗುವ ಹಣ್ಣು ಕೊಳೆಯದಿರಲಿ ಎಂದು ಮೇಲೊಂದು ಕಾಗದ ಹಾಸಿರುತ್ತಾರೆ, ಅದರ ವಾಸನೆ. ಆ ವಾಸನೆಯಲ್ಲಿ ನಾನು ಹತ್ತು ಚಳಿಗಾಲ ನಿಂತಿದ್ದೇನೆ. ಓಂಕಾರ ಒಂದು ಹಣ್ಣು ಕಿತ್ತು, ಅದರ ಮೇಲಿನ ಬಿಳಿ ಪುಡಿಯನ್ನು ಅಂಗಿಗೆ ಉಜ್ಜಿ ಒರಸಲು ಹೋದ. ನನ್ನ ಕೈ ತಾನಾಗಿಯೇ ಹೋಗಿ ಅವನ ಕೈ ಹಿಡಿಯಿತು.

"ತೊಳಿ ಬೇಕಾದ್ರ. ಒರಸಬ್ಯಾಡೋ."

"ಔಷಧದ ಪುಡಿ ಅಲ್ಲೇನು ಇದು?"

"ಅಲ್ಲ. ಹಣ್ಣು ತಾನೇ ಹಚ್ಚಿಕೊಂಡದ್ದು ಅದು."

ಶ್ರೇಯಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಶೇಂದ್ರಾದ ಕಾರ್ಖಾನೆಯಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ವಿಭಾಗಕ್ಕೆ ಅವಳು ಸೇರಿ ಇನ್ನೂ ವರ್ಷ ತುಂಬಿಲ್ಲ. ತಲೆ ಎತ್ತದೆ ಅಂದಳು: "ಆಜಿ, ನಮ್ಮ ಕಂಪನಿಯೊಳಗ ಯಾವ ಸಮಾಜದವರು ಇಲ್ಲೋ ಅಂಥವರನ್ನ ಹುಡುಕಿ ಕರಕೊಂಡು ಬರಬೇಕಂತ. ಯಾರ್‍ಯಾರು ಇಲ್ಲ ಅಂತ ಲಿಸ್ಟ್ ಮಾಡಲಿಕತ್ತೀನಿ."

"ನಾನೂ ಒಮ್ಮೆ ಹಂಗ ಕರಕೊಂಡು ಬಂದಿದ್ದೆ," ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ನೀವು?" ಇಬ್ಬರೂ ನಕ್ಕರು. "ಕುರಿಯರ್‌ನವ ಬಂದ್ರ ಬಾಗಿಲ ಹಿಂದ ನಿಲ್ತೀರಿ ನೀವು!"

ನಾನೂ ನಕ್ಕೆ. ಊಟಕ್ಕೆ ಕೂರುವಾಗ ಶ್ರೇಯಾ ದಿನಾ ಹೇಳುವುದನ್ನೇ ಅಂದೂ ಹೇಳಿದಳು: "ಆ ಮೂಲಿ ಕುರ್ಚಿ ಬಿಡ್ರಿ ಆಜಿ, ಅಲ್ಲಿ ಫ್ಯಾನಿನ ಗಾಳಿನೇ ಬರೋದಿಲ್ಲ." ನಾನು ದಿನದಂತೆ ಅಲ್ಲೇ ಕೂತೆ.

ನನಗೆ ಎದುರಿಗೆ ಕೂತು ಉದ್ದ ಮಾತಾಡಲು ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಮಾತ್ರ ನನ್ನ ಜೊತೆ ಉಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಶ್ರೇಯಾ, ಓಂಕಾರ, ನಿಮಗೆ ಕನ್ನಡ ಓದಲು ಬಾರದು, ಕೇಳಿದರೆ ತಿಳಿಯುತ್ತದೆ. ನಿಮ್ಮ ಅವ್ವ ಓದಿ ಹೇಳಲಿ. ಇದರಲ್ಲಿ ಬರುವವರು ಮಾತಾಡಿದ್ದೆಲ್ಲ ಮರಾಠಿ, ಆದರೆ ನನ್ನ ಕಿವಿಯಲ್ಲಿ ಅದು ನಮ್ಮ ಮಾತಿನಲ್ಲೇ ಉಳಿದಿದೆ.

ನಾನು ಜನರನ್ನು ಕರೆತಂದದ್ದು ನಿಮ್ಮ ಅಜ್ಜ ತೀರಿಕೊಂಡ ಮೇಲಿನ ಎರಡನೆಯ ಚಳಿಗಾಲದಲ್ಲಿ. ಅವರು ಲಾಸಲಗಾಂವದ ಈರುಳ್ಳಿ ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಗುಮಾಸ್ತರಾಗಿದ್ದರು. ಭಾಲ್ಕಿ ಕಡೆಯಿಂದ ಬಂದ ನಾವು ನಿಫಾಡದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು ಇಪ್ಪತ್ತು ವರ್ಷ ಇದ್ದೆವು. ಆ ಇಪ್ಪತ್ತು ವರ್ಷದಲ್ಲಿ ನಾನು ಒಬ್ಬಳೇ ಬಜಾರಿಗೆ ಹೋದದ್ದು ಬೆರಳೆಣಿಕೆಯಷ್ಟು ಸಲ. ಅವರು ಹೋದ ಮೇಲೆ ನಿಮ್ಮ ಅವ್ವ ಈ ಊರಿಗೆ ಬಾ ಎಂದು ಕರೆದಳು. ಆಗ ಶ್ರೇಯಾಳಿಗೆ ಎರಡು ವರ್ಷ, ಓಂಕಾರ ಇನ್ನೂ ಹುಟ್ಟಿರಲಿಲ್ಲ. ಕೈಕಾಲು ಗಟ್ಟಿ ಇರುವಾಗ ಅಳಿಯನ ಮನೆ ಸೇರುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಪಕ್ಕದ ಮನೆಯವಳು ಕೈ ಹಿಡಿದು ದ್ರಾಕ್ಷಿಯ ಪ್ಯಾಕ್‌ಹೌಸಿಗೆ ಕರೆದೊಯ್ದಳು.

ದೊಡ್ಡ ತಗಡಿನ ಶೆಡ್ಡು ಅದು. ಒಳಗೆ ಉದ್ದುದ್ದ ಸ್ಟೀಲಿನ ಟೇಬಲ್ಲುಗಳು, ತಣ್ಣನೆಯ ಗಾಳಿ, ಆಚೆ ಕೋಲ್ಡ್ ಸ್ಟೋರೇಜಿನ ಗುಂಯ್‌ಗುಟ್ಟುವ ಸದ್ದು. ತೋಟದಿಂದ ಕ್ರೇಟಿನಲ್ಲಿ ಬಂದ ಗೊಂಚಲನ್ನು ತೊಟ್ಟು ಹಿಡಿದು ಎತ್ತಬೇಕು, ಒಡೆದ ಹಣ್ಣು, ಸಣ್ಣ ಹಣ್ಣು, ಕಲೆಯಾದ ಹಣ್ಣನ್ನು ಚೂಪು ಮೂತಿಯ ಕತ್ತರಿಯಿಂದ ತೆಗೆಯಬೇಕು, ಹಣ್ಣಿಗೆ ಬೆರಳು ತಾಗಬಾರದು. ತಾಗಿದರೆ ಮೇಲಿನ ಬಿಳಿ ಪುಡಿ ಅಳಿಸುತ್ತದೆ. ಪುಡಿ ಅಳಿದ ಹಣ್ಣನ್ನು ಹೊರದೇಶದವರು ಹಳೆಯದೆಂದು ತಿರುಗಿಸಿ ಕಳಿಸುತ್ತಾರೆ. ಇದು ತಿಳಿಯದೆ ಮೊದಲ ದಿನ ನಾನು, ದೇವರಿಗೆ ಇಡುವ ಹಣ್ಣಿನಂತೆ, ಒಂದು ಪೂರ್ತಿ ಕ್ರೇಟನ್ನು ಸೆರಗಿನಿಂದ ಒರಸಿ ಫಳಫಳ ಹೊಳೆಯುವಂತೆ ಮಾಡಿ ಇಟ್ಟಿದ್ದೆ. ಟೇಬಲ್ಲುಗಳ ಮುಕಾದಮ್, ಅಂದರೆ ಎಲ್ಲ ಹೆಂಗಸರ ಮೇಲಿನ ಮುಖ್ಯಸ್ಥೆ ಕಮಲತಾಯಿ, ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು. "ನೋಡ್ರೆ, ಬೀದರದ ಮಾವಶಿ ದ್ರಾಕ್ಷಿಗೆ ಜಳಕ ಮಾಡಿಸ್ಯಾಳ!" ಅಂದಿನಿಂದ ಶೆಡ್ಡಿನಲ್ಲಿ ಎಲ್ಲರಿಗೂ ನಾನು ಮಾವಶಿ, ಅಂದರೆ ಚಿಕ್ಕಮ್ಮ, ಆದೆ. ಆ ಕ್ರೇಟು ಊರ ಬಜಾರಿಗೆ ಹೋಯಿತು. ನಾನು ಎರಡು ದಿನ ತಲೆ ಎತ್ತಲಿಲ್ಲ.

ಒಂದು ಮಾತು ನಿಮಗೆ ಹೇಳಬೇಕು. ಒಳಗೆ ಹೋಗುವ ಮೊದಲು ಎಲ್ಲರೂ ಬಳೆ ಬಿಚ್ಚಬೇಕು, ಹಣೆಯ ಟಿಕಲಿ ತೆಗೆಯಬೇಕು, ಹೂವು ಮುಡಿಯುವಂತಿಲ್ಲ, ತಲೆಗೆ ಟೋಪಿ, ಮೈಮೇಲೆ ಬಿಳಿ ಏಪ್ರನ್. ಹಣ್ಣಿನಲ್ಲಿ ಏನೂ ಉದುರಬಾರದು, ಅದಕ್ಕೆ. ಗಂಡನಿದ್ದವರು ಗೊಣಗುತ್ತ ಬಳೆ ಬಿಚ್ಚುತ್ತಿದ್ದರು, ಸಂಜೆ ಹೊರಬಂದೊಡನೆ ಮೊದಲು ಟಿಕಲಿ ಹಚ್ಚುತ್ತಿದ್ದರು. ನನಗೆ ಬಿಚ್ಚಲು ಏನೂ ಇರಲಿಲ್ಲ. ಆದರೆ ಒಳಗೆ ಐವತ್ತು ಹಣೆ ಐವತ್ತೂ ಬೋಳು. ಎರಡು ವರ್ಷದಲ್ಲಿ ನನ್ನ ಹಣೆಯ ಮೇಲೆ ಯಾರ ಕಣ್ಣೂ ನಿಲ್ಲದ ಜಾಗ ಅದೊಂದೇ. ಹಾಗಾಗಿ ನನಗೆ ಆ ಶೆಡ್ಡು ಹಿಡಿಸಿತ್ತು.

ಎರಡನೆಯ ವರ್ಷ ನಾಸಿಕದಿಂದ ವೈಶಾಲಿ ಮೇಡಂ ಎಂಬ ಹೊಸ ಮ್ಯಾನೇಜರ್ ಬಂದಳು. ಈಗಿನ ಶ್ರೇಯಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಮೊದಲ ವಾರವೇ ಹಾಜರಿ ಪುಸ್ತಕ ಹಿಡಿದು ನಿಂತು, ಕಮಲತಾಯಿಯನ್ನು ಕೇಳಿದಳು: "ಐವತ್ತು ಹೆಸರು, ಮನೆತನದ ಅಡ್ಡಹೆಸರು ಮಾತ್ರ ಮೂರೇ ಅದಾವಲ್ಲ ತಾಯಿ?"

"ನಮ್ಮ ನಮ್ಮವರನ್ನೇ ತರ್ತೀನಿ ಮೇಡಂ. ನಂಬಿಕಿ ಇರ್ತದ," ಅಂದಳು ಕಮಲತಾಯಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಒಬ್ಬಳು ನಾದಿನಿಯನ್ನು ತರುತ್ತಿದ್ದಳು, ನಾದಿನಿ ತಂಗಿಯನ್ನು ತರುತ್ತಿದ್ದಳು. ಎರಡು ಹಳ್ಳಿ, ಒಂದೇ ಬಳಗ. ನಾನೊಬ್ಬಳೇ ಯಾರಿಗೂ ಏನೂ ಆಗದವಳು.

ಮೇಡಂ ಸುಮ್ಮನಾಗಲಿಲ್ಲ. ಅದೇ ದ್ರಾಕ್ಷಿಯನ್ನು ತೋಟದಲ್ಲಿ ಬೆಳೆಸುವವರು ಬೇರೆಯೇ ಜನ. ಪೇಠ್, ಸುರಗಾಣಾ ಕಡೆಯ ಗುಡ್ಡದ ಆದಿವಾಸಿಗಳು ದಸರಾ ಮುಗಿದ ಮೇಲೆ ಇಳಿದು ಬಂದು, ತೋಟದ ಅಂಚಿನಲ್ಲಿ ನೀಲಿ ತಾಡಪತ್ರಿಯ ಡೇರೆ ಹಾಕಿ ಇರುತ್ತಿದ್ದರು. ಬಳ್ಳಿ ಕತ್ತರಿಸುವುದು, ಹೀಚು ಬಿಡಿಸುವುದು, ನಿಫಾಡದ ಕಡು ಚಳಿಗೆ ಹಣ್ಣು ಬಿರಿಯದಿರಲೆಂದು ನಸುಕಿನಲ್ಲಿ ಸಾಲುಗಳ ನಡುವೆ ಹೊಗೆ ಹಾಕುವುದು, ಎಲ್ಲ ಅವರದೇ ಕೆಲಸ. ಆದರೆ ಶೆಡ್ಡಿನ ನೆರಳಿನೊಳಗೆ ಅವರಲ್ಲಿ ಒಬ್ಬಳೂ ಇರಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಯಾರೂ ಕರೆದೂ ಇರಲಿಲ್ಲ.

ಅವರನ್ನೂ ಒಳಗೆ ಕರೆಯೋಣ ಎಂದು ಮೇಡಂ ಅಂದಾಗ ಮಾಲೀಕ ದಾದಾ ಬೇಡವೆಂದು ತಲೆಯಾಡಿಸಿದರು. "ಆ ಜನ ನಿಲ್ಲೋದಿಲ್ಲ ಮೇಡಂ. ನಾಲ್ಕು ದಿನ ಬರ್ತಾರ, ಐದನೇ ದಿನ ಇಲ್ಲ."

"ಹದಿನೈದು ದಿನ ಕೊಡ್ರಿ. ನಿಲ್ಲಲಿಲ್ಲ ಅಂದ್ರ ಮತ್ತೆ ಈ ಮಾತು ತೆಗಿಯೋದಿಲ್ಲ ನಾನು."

ಕರೆಯಲು ಯಾರು ಹೋಗಬೇಕು? ಕಮಲತಾಯಿ ಹೋಗುವವಳಲ್ಲ. ಮೇಡಂ ನನ್ನ ಹತ್ತಿರ ಬಂದಳು. "ಮಾವಶಿ, ನೀವು ಯಾರ ಬಳಗನೂ ಅಲ್ಲ. ನೀವು ಹೋಗ್ರಿ."

ಬೇಡ ಎನ್ನಲೂ ಬಾಯಿ ಬೇಕಲ್ಲ. ಹೋದೆ.

ತೋಟದಂಚಿನಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ರಾಗಿ ರೊಟ್ಟಿ ಬೇಯುತ್ತಿತ್ತು. ಅವರು ಅದಕ್ಕೆ ನಾಗಲಿಯ ಭಾಕರಿ ಎನ್ನುತ್ತಾರೆ. ಒಲೆಯ ಮುಂದಿದ್ದವಳು ಹಿರಾ. ಮೂವತ್ತರ ಒಳಗಿನ ಹೆಂಗಸು, ಗಟ್ಟಿ ಮೈಕಟ್ಟು, ನೇರ ನೋಟ. ನಾನು ಹೆದರುತ್ತ, ತಡವರಿಸುತ್ತ ಹೇಳಿದ್ದನ್ನೆಲ್ಲ ಅವಳು ರೊಟ್ಟಿ ತಿರುವುತ್ತಲೇ ಕೇಳಿದಳು. ಕೆಲಸ ಏನು, ಎಷ್ಟು ಹೊತ್ತು ಎಂದು ಕೇಳಲಿಲ್ಲ. ಅವಳ ಮೊದಲ ಪ್ರಶ್ನೆ ಬೇರೆ.

"ಉಣ್ಣಲಿಕ್ಕೆ ಎಲ್ಲಿ ಕೂಡಿಸ್ತೀರಿ?"

"ಅಂದ್ರ?"

"ಹೋದ ವರ್ಷ ಬ್ಯಾರೆ ಒಂದು ಶೆಡ್ಡಿಗೆ ಹೋಗಿದ್ದೆವು. ಕೆಲಸ ಎಲ್ಲರ ಸಂಗಟ ಇತ್ತು. ಊಟದ ಹೊತ್ತಿಗೆ ಮಾತ್ರ ಕ್ರೇಟಿನ ರಾಶಿ ಹಿಂದ ಕೂಡ್ರಿ ಅಂದ್ರು. ಎರಡು ದಿನಕ್ಕ ಬಿಟ್ಟು ಬಂದೆವು."

"ನಮ್ಮಲ್ಲಿ ಹಂಗಿಲ್ಲವ್ವ. ಎಲ್ಲರೂ ಒಂದೇ ಚಪ್ಪರದ ಕೆಳಗ ಉಣ್ತಾರ."

"ಯಾರು ಹೇಳೋದು ಇದನ್ನ? ಮಾಲೀಕ? ಮೇಡಂ?"

"ನಾನು ಹೇಳ್ತೀನಿ," ಅಂದೆ. ನನ್ನ ಬಾಯಿಂದ ಅಷ್ಟು ದೊಡ್ಡ ಮಾತು ಅದುವರೆಗೆ ಬಂದಿರಲಿಲ್ಲ. "ನಿಮ್ಮನ್ನ ಯಾರೂ ದೂರ ಕೂಡಿಸೋದಿಲ್ಲ. ನನ್ನ ಮಾತು ಇದು."

ಮರುದಿನ ಬೆಳಿಗ್ಗೆ ಹಿರಾ ಸೇರಿ ಆರು ಜನ ಬಂದರು.

ಅವರು ಟೋಪಿ ಹಾಕಿಕೊಂಡು ಸಾಲಾಗಿ ನಿಂತಾಗ ಕಮಲತಾಯಿ ಗಟ್ಟಿಯಾಗಿ ಅಂದಳು: "ಕತ್ತರಿ ಕೊಡ್ರೆ ಅವರಿಗೆ. ಕುಡುಗೋಲು ಕೊಟ್ಟೀರಿ ಮತ್ತ!" ಎಲ್ಲರೂ ನಕ್ಕರು. ಹಿರಾ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಒಂದು ಗೊಂಚಲನ್ನು ಎರಡು ಬೆರಳಲ್ಲಿ ತೊಟ್ಟು ಹಿಡಿದು ಎತ್ತಿ, ಬೆಳಕಿಗೆ ತಿರುಗಿಸಿ, ಚಕಚಕನೆ ನಾಲ್ಕು ಹಣ್ಣು ಉದುರಿಸಿ ಇಟ್ಟಳು. ಬಿಳಿ ಪುಡಿ ಇದ್ದ ಹಾಗೇ ಇತ್ತು. ನಾನು ಕಲಿಯಲು ಒಂದು ತಿಂಗಳು ತೆಗೆದುಕೊಂಡದ್ದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಆ ಗೊಂಚಲು ಮೆಣಸಿನ ಕಾಳಿನಷ್ಟಿದ್ದಾಗಿನಿಂದ ಅವಳ ಕೈ ಅದನ್ನು ಬಲ್ಲದು. ಮೂರನೆಯ ದಿನಕ್ಕೆ ಅವರ ಟೇಬಲ್ಲು ಎಲ್ಲರಿಗಿಂತ ಮುಂದಿತ್ತು. ಕಮಲತಾಯಿ ಬಂದು ಹಣ್ಣು ತುಂಬಿದ ಒಂದು ಡಬ್ಬಿ ಎತ್ತಿ, ತಿರುವಿ ಮುರುವಿ ನೋಡಿ, "ಹಾಂ, ನಡೀತದ," ಅಂದು ಹೋದಳು. ಅವಳ ಬಾಯಲ್ಲಿ ಅದು ದೊಡ್ಡ ಶಾಬಾಸ್.

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮನೆಗೆ ಬಂದು ನಿಮ್ಮ ಅಜ್ಜನ ಫೋಟೋದ ಮುಂದೆ ನಿಂತು ಹೇಳಿಕೊಂಡೆ.

ಐದನೆಯ ದಿನ ಅವರು ಬರಲಿಲ್ಲ.

ಆರನೆಯ ದಿನವೂ ಇಲ್ಲ. ದಾದಾ ಶೆಡ್ಡಿನ ಬಾಗಿಲಲ್ಲಿ ನಿಂತು ಐದು ಬೆರಳು ಎತ್ತಿ ತೋರಿಸಿ, ನಕ್ಕು ಹೋದರು. ಮೇಡಂ ಸಪ್ಪೆ ಮುಖದಿಂದ ನನ್ನ ಹತ್ತಿರ ಬಂದಳು. "ಕಂಟೇನರ್ ತುಂಬಬೇಕು ಮಾವಶಿ. ಸೋಮವಾರ ಬರಲಿಲ್ಲ ಅಂದ್ರ ಆ ಆರು ಜಾಗ ಕಮಲತಾಯಿಯವರಿಗೆ ಕೊಡ್ತೀನಿ. ಮುಂದ ಯಾವ ಬಾಯಿಂದ ಕೇಳ್ಲಿ ನಾನು?"

ಭಾನುವಾರ ಬೆಳಿಗ್ಗೆ ನಾನು ಮತ್ತೆ ಡೇರೆಗೆ ಹೋದೆ. ದಾರಿಯುದ್ದಕ್ಕೂ ಕಮಲತಾಯಿಯ ಮೇಲೆ ಸಿಟ್ಟು ಕುದಿಯುತ್ತಿತ್ತು. ಅವಳೇ ಏನೋ ಅಂದಿರಬೇಕು. ಹಿರಾ ಬಾವಿಯ ಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಒಗೆಯುತ್ತಿದ್ದದ್ದು ನಮ್ಮ ಬಿಳಿ ಏಪ್ರನ್ನುಗಳನ್ನು.

"ಒಗೆದು ಮಡಚಿ ತಂದು ಕೊಡ್ತೀವಿ ಮಾವಶಿ," ಅಂದಳು, ನನ್ನ ಕಡೆ ನೋಡದೆ.

"ಯಾರೇನಂದ್ರು ಹೇಳು. ಕಮಲತಾಯಿ ಅಂದಳೇನು?"

"ಕಮಲತಾಯಿ?" ಹಿರಾ ಏಪ್ರನ್ನು ಹಿಂಡಿದಳು. "ಆಕಿ ದಿನಾ ಬೈತಾಳ. ಎದುರಿಗೆ ಕೂತು ಬೈತಾಳ, ಎದುರಿಗೆ ಕೂತು ಉಣ್ತಾಳ. ಬಾಯಾಗ ತುತ್ತು ಇಟ್ಟುಕೊಂಡೇ ಬೈತಾಳ. ಅದು ನಮಗ ನಡೀತದ."

"ಮತ್ತ ಯಾರು?"

ಅವಳು ಕೈ ಒರಸಿಕೊಂಡು ಎದ್ದು ನಿಂತಳು. "ನೀವು ಮಾವಶಿ."

ನನಗೆ ತಿಳಿಯಲಿಲ್ಲ.

"ಯಾರೂ ದೂರ ಕೂಡಿಸೋದಿಲ್ಲ ಅಂದ್ರಿ. ಖರೆ, ಯಾರೂ ಕೂಡಿಸಲಿಲ್ಲ. ನಾವು ರೊಟ್ಟಿ ಬಿಚ್ಚಿದ ಕೂಡಲೆ ನೀವೇ ಎದ್ದು ಹೋದ್ರಿ. ಕ್ರೇಟಿನ ರಾಶಿ ಕಡೆ ಮುಖ ಮಾಡಿ, ಸೆರಗು ಮುಚ್ಚಿ, ನಮಗ ಬೆನ್ನು ಹಾಕಿ ಉಂಡ್ರಿ. ಒಂದು ದಿನ ಅಲ್ಲ, ನಾಲ್ಕೂ ದಿನ. ಅಲ್ಲಿ ನಮ್ಮನ್ನ ಕ್ರೇಟಿನ ಹಿಂದ ಕೂಡಿಸಿದ್ರು, ಇಲ್ಲಿ ನೀವೇ ಹೋಗಿ ಕೂತ್ರಿ. ಕರೆಯಲಿಕ್ಕೆ ಬಂದವರೇ ಹಿಂಗ ಮಾಡಿದ್ರ ಉಳಿದವರ ಮಾತೇನು?"

ನಾನು ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟೆ.

ಮಕ್ಕಳೇ, ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಹಾಗೇ ಉಣ್ಣುತ್ತಿದ್ದರು. ಕೊರಳಲ್ಲಿ ಲಿಂಗವಿದ್ದವರ ಊಟದ ಮೇಲೆ ಲಿಂಗವಿಲ್ಲದವರ ಕಣ್ಣು ಬೀಳಬಾರದು ಎಂದು ನನ್ನ ಅಜ್ಜಿ ಹೇಳಿಕೊಟ್ಟಿದ್ದಳು. ಆರು ವರ್ಷದವಳಿದ್ದಾಗಿನಿಂದ ಗೋಡೆ ಕಡೆ ಮುಖ ಮಾಡಿ, ಗಂಗಾಳದ ಮೇಲೆ ಸೆರಗು ಎಳೆದುಕೊಂಡು ಉಂಡವಳು ನಾನು. ಅದು ಉಸಿರಾಡಿದ ಹಾಗೆ, ಮಾಡುತ್ತಿದ್ದೇನೆಂದು ಗೊತ್ತೇ ಆಗುತ್ತಿರಲಿಲ್ಲ. ಹಿಂದಿನ ವರ್ಷ ಕಮಲತಾಯಿಯ ಕಡೆಯವರು "ಬೀದರದ ಹೊಸ ಸೊಸಿ" ಎಂದು ನನ್ನನ್ನು ಛೇಡಿಸಿ, ಆಮೇಲೆ ಬಿಟ್ಟುಬಿಟ್ಟಿದ್ದರು.

ಇದನ್ನೆಲ್ಲ ಹಿರಾಳಿಗೆ ಹೇಳಿದೆ. ಹೇಗೆ ಹೇಳಿದೆನೋ, ಅರ್ಧ ಕನ್ನಡ ಅರ್ಧ ಮರಾಠಿ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದಳು: "ನಮ್ಮ ಕಣ್ಣು ಬಿದ್ರ ಏನಾಗ್ತದ?"

ಸಿಟ್ಟಿನಿಂದ ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳಿದಳು. ನನ್ನ ಅಜ್ಜಿಯನ್ನು ನಾನು ಇದನ್ನು ಕೇಳಿಯೇ ಇರಲಿಲ್ಲ.

"ನಾಳೆ ಬರ್ತೀಯಾ?" ಎಂದಷ್ಟೇ ಕೇಳಿದೆ.

"ಏಪ್ರನ್ ಕೊಡಲಿಕ್ಕೆ ಬರ್ತೀವಿ," ಅಂದಳು.

ಹಿಂದಿರುಗಿ ಬರುವಾಗ ತೋಟದ ಸಾಲುಗಳ ನಡುವೆ ಬೆಳಗಿನ ಹೊಗೆ ಇನ್ನೂ ನಿಂತಿತ್ತು. ಮೊದಲು ನನಗೆ ನನ್ನ ಮೇಲೇ ಕನಿಕರ ಬಂತು. ಎಂದಿನ ರೂಢಿ, ಅವಳು ತಪ್ಪು ತಿಳಿದಳು, ನನ್ನದೇನು ತಪ್ಪು ಎಂದು. ಅರ್ಧ ದಾರಿ ಹಾಗೇ ನಡೆದೆ. ರೈಲ್ವೆ ಗೇಟು ಹಾಕಿತ್ತು. ಅಲ್ಲಿ ನಿಂತಾಗ ಒಂದು ಸಂಗತಿ ನೆನಪಾಯಿತು. ಅದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ, ನಿಮ್ಮ ಅವ್ವನಿಗೂ.

ಕಮಲತಾಯಿಯವರ ಮುಂದೆ ಒಂದು ವರ್ಷ ಉಂಡು ಉಂಡು, ನನ್ನ ಬೆನ್ನು ಮೆಲ್ಲಗೆ ಓರೆಯಾಗಿತ್ತು. ಪೂರ್ತಿ ಎದುರು ಅಲ್ಲ, ಆದರೆ ಪೂರ್ತಿ ಬೆನ್ನೂ ಅಲ್ಲ. ಸೆರಗೂ ಕೆಲವು ದಿನ ಮರೆತುಹೋಗುತ್ತಿತ್ತು. ಈ ಆರು ಜನ ಬಂದ ದಿನ ನಾನು ನನ್ನ ಡಬ್ಬಿ ಎತ್ತಿಕೊಂಡು ಎರಡು ಮಾರು ಆಚೆ, ಕ್ರೇಟಿನ ಹತ್ತಿರ ಹೋಗಿ ಕೂತೆ. ಪಕ್ಕದವಳು ಯಾಕೆಂದು ಕೇಳಿದ್ದಕ್ಕೆ, "ಈ ಕಡೆ ಗಾಳಿ ಬರ್ತದ," ಅಂದಿದ್ದೆ. ನನಗೂ ಹಾಗೆಂದೇ ಹೇಳಿಕೊಂಡಿದ್ದೆ. ನಿಫಾಡದ ಮಾಘದ ಚಳಿಯಲ್ಲಿ ಯಾರಿಗೆ ಬೇಕಾಗಿತ್ತು ಗಾಳಿ?

ಗೇಟು ತೆರೆದರೂ ನಾನು ಅಲ್ಲೇ ನಿಂತಿದ್ದೆ. ಸೈಕಲ್ಲಿನವನೊಬ್ಬ ಬೈದು ಹೋದ.

ಸೋಮವಾರ ಬೆಳಿಗ್ಗೆ ಅವರ ಟೇಬಲ್ಲು ಖಾಲಿ. ಕಮಲತಾಯಿ ತನ್ನ ಸೊಸೆಯನ್ನೂ ಇನ್ನಿಬ್ಬರನ್ನೂ ಕರೆತಂದು ಬಾಗಿಲ ಹತ್ತಿರ ಕೂಡಿಸಿದ್ದಳು. ಊಟದ ನಂತರ ಅವರು ಒಳಗೆ ಬರುವುದೆಂದು ಮಾತಾಗಿತ್ತು. ಮಧ್ಯಾಹ್ನದ ಗಂಟೆ ಆಯಿತು. ಎಲ್ಲರೂ ಚಪ್ಪರದ ಕೆಳಗೆ ದುಂಡಗೆ ಕೂತು ಡಬ್ಬಿ ಬಿಚ್ಚಿದರು. ನಾನು ಡಬ್ಬಿ ಹಿಡಿದು ನಿಂತಿದ್ದೆ. ಕ್ರೇಟಿನ ಹತ್ತಿರದ ನನ್ನ ಜಾಗ ಖಾಲಿ ಇತ್ತು. ಆಗ ಹಿರಾ ಗೇಟಿನೊಳಗೆ ಬರುವುದು ಕಂಡಿತು. ಹಿಂದೆ ಉಳಿದ ಐವರು. ಅವಳ ಕೈಯಲ್ಲಿ ಮಡಚಿದ ಆರು ಏಪ್ರನ್, ಇಸ್ತ್ರಿ ಮಾಡಿದ ಹಾಗೆ ಒಂದರ ಮೇಲೊಂದು.

ನಾನು ಹೋಗಿ ಆ ದುಂಡಿನಲ್ಲಿ, ಕಮಲತಾಯಿಯ ಎದುರಿಗೇ ಕೂತೆ. ಎಲ್ಲರಿಗೂ ಮುಖ ಮಾಡಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಡಬ್ಬಿಯನ್ನು ತೊಡೆಯ ಮೇಲೆ ಬಿಚ್ಚಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಪುಂಡಿಪಲ್ಯ. ಅದನ್ನೆಲ್ಲ ಹಾಡಹಗಲಲ್ಲಿ ಐವತ್ತು ಜೊತೆ ಕಣ್ಣಿನ ಮುಂದೆ ಇಟ್ಟಾಗ, ಮೈಮೇಲೆ ಬಟ್ಟೆಯೇ ಇಲ್ಲದಂತೆ ಅನ್ನಿಸಿತು. ನಿಮಗೆ ಇದು ನಗೆ ತರಬಹುದು.

"ಅಗಬಾಈ!" ಎಂದಳು ಕಮಲತಾಯಿ. "ಬೀದರದ ಮಾವಶಿಗೆ ಹಲ್ಲು ಅದಾವ ನೋಡ್ರೆ! ನಾ ತಿಳಿದಿದ್ದೆ ಬೊಚ್ಚುಬಾಯಿ ಇರಬೇಕು, ಅದಕ್ಕ ಮುಚ್ಚಿಕೊಂಡು ಉಣ್ತಾಳ ಅಂತ!"

ಚಪ್ಪರವೆಲ್ಲ ನಕ್ಕಿತು. ಹಿರಾ ಏಪ್ರನ್ ಹಿಡಿದು ಅಲ್ಲೇ ನಿಂತಿದ್ದಳು. ನಾನು ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದೆ.

"ಕೂಡು ಹಿರಾ."

ಅವಳು ಕೂಡಲಿಲ್ಲ. ಆಮೇಲೆ ಏಪ್ರನ್ನುಗಳನ್ನು ಹಿಂದಿನವಳ ಕೈಗೆ ಕೊಟ್ಟು, ಸೊಂಟಕ್ಕೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿದಳು. ಅದರಲ್ಲಿ ನಾಗಲಿಯ ಭಾಕರಿ. ಒಂದು ಚೂರು ಮುರಿದು ನನ್ನ ಡಬ್ಬಿಯ ಮುಚ್ಚಳದಲ್ಲಿ ಇಟ್ಟಳು. ಇಟ್ಟು, ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈ ಗದ್ದಕ್ಕೆ ಕೊಟ್ಟು, ಕಣ್ಣು ದೊಡ್ಡದು ಮಾಡಿ ನನ್ನ ಬಾಯಿಯನ್ನೇ ದಿಟ್ಟಿಸತೊಡಗಿದಳು.

"ನೋಡ್ತೀನಿ ಮಾವಶಿ," ಅಂದಳು. "ಕಣ್ಣು ಮಿಟುಕಿಸೋದಿಲ್ಲ. ಏನಾಗ್ತದ ನೋಡೇಬಿಡೋಣ."

ಆಗ ಚಪ್ಪರದಲ್ಲಿ ಯಾರೂ ನಗಲಿಲ್ಲ. ಮೇಡಂ ಆಫೀಸಿನ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಆ ಚೂರನ್ನು ಬಾಯಿಗೆ ಇಟ್ಟುಕೊಂಡೆ. ಅಗಿದೆ. ಹಿರಾ ಖರೆಯಾಗಿಯೂ ಕಣ್ಣು ಮಿಟುಕಿಸಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು, ಹಾಗೆ ಬಿಟ್ಟುಕೊಂಡು ಕೂತದ್ದಕ್ಕೋ, ಬೇರೆ ಯಾವುದಕ್ಕೋ. ನುಂಗಿದೆ.

"ಏನಾತು?" ಅಂದಳು.

"ಏನೂ ಆಗಲಿಲ್ಲ," ಅಂದೆ. "ಉಪ್ಪು ಸ್ವಲ್ಪ ಕಡಿಮಿ ಆಗ್ಯದ."

ಮೊದಲು ನಕ್ಕವಳು ಕಮಲತಾಯಿ. ಬಾಯಲ್ಲಿದ್ದ ತುತ್ತು ನೆತ್ತಿಗೇರಿ ಕೆಮ್ಮುವಷ್ಟು ನಕ್ಕಳು. ಆಮೇಲೆ ಎಲ್ಲರೂ. ಹಿರಾ ಕಣ್ಣೊರಸಿಕೊಂಡು ನನ್ನ ಪಕ್ಕಕ್ಕೆ ಸರಿದು ಕೂತಳು, ಕೇಳದೆಯೇ ನನ್ನ ಡಬ್ಬಿಯ ಶೇಂಗಾ ಹಿಂಡಿಗೆ ಕೈ ಹಾಕಿದಳು. "ನಿಮ್ಮದರಾಗ ಉಪ್ಪು ಜಾಸ್ತಿ ಅದ, ಸರಿ ಹೋಯ್ತು," ಅಂದಳು. ಉಳಿದ ಐವರೂ ಅಲ್ಲಿ ಇಲ್ಲಿ ಜಾಗ ಮಾಡಿಕೊಂಡು ಕೂತರು.

ಮತ್ತೆ ಗಂಟೆಯಾದಾಗ ಅವಳು ಒಂದು ಏಪ್ರನ್ ಬಿಡಿಸಿ ತೊಟ್ಟುಕೊಂಡಳು. ಕಮಲತಾಯಿ ಬಾಗಿಲ ಹತ್ತಿರ ಕೂತಿದ್ದ ತನ್ನ ಸೊಸೆಗೆ, "ಏಳು, ಮನಿಗೆ ನಡಿ. ಇಲ್ಲ ಅಂದ್ರ ಬಂದು ಆ ಹಿರಾನ ಕೈ ನೋಡಿ ಕಲಿ," ಎಂದು ಗದರಿದಳು. ಸೊಸೆ ಕಲಿತಳು.

ಆ ಚಳಿಗಾಲದ ಉಳಿದ ದಿನಗಳು ನನಗೆ ಒಂದೇ ದಿನದಂತೆ ನೆನಪಿವೆ. ನಸುಕಿನ ಹೊಗೆ, ಕತ್ತರಿಗಳ ಕಿಚಕಿಚ, ಬೆಂಕಿಕಡ್ಡಿಯ ವಾಸನೆ, ಮಧ್ಯಾಹ್ನದ ಚಪ್ಪರ. ಹದಿನೈದು ದಿನ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ. ದಾದಾ ಬೆರಳು ಎಣಿಸುವುದನ್ನು ಬಿಟ್ಟರು. ಹೋಳಿಯ ಹಿಂದಿನ ದಿನ ಹಿರಾಳ ಕಡೆಯವರು ಡೇರೆ ಬಿಚ್ಚಿ ಗುಡ್ಡದೂರಿಗೆ ಹೊರಟಾಗ, ಮುಂದಿನ ವರ್ಷಕ್ಕೆ ಬರುವವರು ಹದಿನಾರು ಜನ ಎಂದು ಮೇಡಂ ಬರೆದುಕೊಂಡಳು. ಆ ಹದಿನಾರು ಜನರನ್ನು ಕರೆತಂದವಳು ಹಿರಾ. ನಾನು ಕರೆಯಲು ಹೋಗಬೇಕಾಗಲಿಲ್ಲ. ಅವಳೂ ಮೊದಲು ತಂಗಿಯನ್ನೇ ತಂದಳು, ತಂಗಿ ನಾದಿನಿಯನ್ನು ತಂದಳು. ಮೇಡಂ ತಲೆ ಚಚ್ಚಿಕೊಂಡು ನಕ್ಕಳು. "ಈಗ ಅಡ್ಡಹೆಸರು ಐದಾದವು ಮಾವಶಿ," ಅಂದಳು.

ಆಮೇಲೆ ಎಂಟು ಚಳಿಗಾಲ ಅಲ್ಲಿ ನಿಂತೆ. ಮೊಣಕಾಲು ಕೇಳಲಿಲ್ಲ, ನಿಮ್ಮ ಮನೆಗೆ ಬಂದೆ. ಹಿರಾ ಈಗ ಅದೇ ಶೆಡ್ಡಿನಲ್ಲಿ ಮುಕಾದಮ್. ವರ್ಷಕ್ಕೊಂದು ಪೆಟ್ಟಿಗೆ ಕಳಿಸುತ್ತಾಳೆ. ಫೋನಿನಲ್ಲಿ ನಾನು ಹೂಂ ಹೂಂ ಅನ್ನುತ್ತೇನೆ, ಮಾತೆಲ್ಲ ಅವಳದೇ. ಪ್ರತಿ ಸಲ ಕೊನೆಗೆ ಕೇಳುತ್ತಾಳೆ: "ಉಪ್ಪು ಸರಿ ಅದ ಏನು ಮಾವಶಿ?"

ಶ್ರೇಯಾ, ನಿನ್ನ ಲಿಸ್ಟಿನ ಬಗ್ಗೆ ನನಗೆ ಏನೂ ತಿಳಿಯದು. ನಿಮ್ಮ ಕಂಪನಿಯಲ್ಲಿ ದೊಡ್ಡ ಕ್ಯಾಂಟೀನು ಇರಬಹುದು, ಎಲ್ಲರಿಗೂ ಒಂದೇ ಥರದ ತಟ್ಟೆ ಇರಬಹುದು. ಯಾರು ಇಲ್ಲ ಎಂದು ಹುಡುಕುತ್ತಿದ್ದೀ, ಒಳ್ಳೆಯದು ಮಾಡುತ್ತಿದ್ದೀ. ಅವರು ಬಂದ ಮೊದಲ ದಿನ ಮಧ್ಯಾಹ್ನ ನೀನು ನಿನ್ನ ಡಬ್ಬಿ ಎತ್ತಿಕೊಂಡು ಎಲ್ಲಿಗೆ ಹೊರಟೆ ಎಂದು ಒಮ್ಮೆ ನೋಡಿಕೋ. ನಾನು ನೋಡಿಕೊಂಡಿರಲಿಲ್ಲ.

ಇನ್ನು ನನ್ನ ಮೂಲೆಯ ಕುರ್ಚಿ. ಅಲ್ಲಿ ಗಾಳಿ ಬರುವುದಿಲ್ಲ, ನನಗೆ ಗೊತ್ತಿದೆ. ಗೋಡೆಗೆ ಬೆನ್ನು ಕೊಟ್ಟ ಕುರ್ಚಿ ಈ ಮನೆಯಲ್ಲಿ ಅದೊಂದೇ. ಅಲ್ಲಿ ಕೂತರೆ ನಿಮ್ಮ ಮುಖ, ಬಾಗಿಲಿಗೆ ಬಂದವರ ಮುಖ, ಪಾತ್ರೆ ತಿಕ್ಕಲು ಬರುವ ಸುಮನಳ ಮುಖ, ಎಲ್ಲ ನನಗೆ ಕಾಣುತ್ತದೆ. ನಾನು ಉಣ್ಣುವುದು ಅವರಿಗೂ ಕಾಣುತ್ತದೆ.